ಬರೋಲೊ, ಮಾಗಡಿ ಮತ್ತು ಹೆಸರು ಕಾಯುವ ಕೆಲಸ

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆ ಮೂರು ವಾರ ಇಟಲಿಯ ಟ್ಯುರಿನ್‌ಗೆ ಹೋಗಿದ್ದೆ. ಹೊರಡುವ ಹಿಂದಿನ ರಾತ್ರಿ ಕ್ಲೈಂಟ್ ಕಡೆಯವರು ಊಟಕ್ಕೆ ಕರೆದರು. ಪಕ್ಕದಲ್ಲಿ ಕೂತಿದ್ದ ಹಿರಿಯ ಎಂಜಿನಿಯರ್ ಒಬ್ಬರು ಬಾಟಲಿಯೊಂದನ್ನು ತರಿಸಿ, ಲೇಬಲ್ ನನ್ನ ಕಡೆ ತಿರುಗಿಸಿ, "ಬರೋಲೊ" ಅಂದರು. ಕಂಪನಿ ಹೆಸರಾ ಅಂತ ಕೇಳಿದೆ. ಅಲ್ಲ ಅಂದರು. ಮತ್ತೆ ದ್ರಾಕ್ಷಿ ಹೆಸರಾ? ಅದೂ ಅಲ್ಲ, ದ್ರಾಕ್ಷಿಯ ಹೆಸರು ನೆಬ್ಬಿಯೋಲೊ. ಬರೋಲೊ ಅನ್ನೋದು ಊರು. ಟ್ಯುರಿನ್‌ನಿಂದ ದಕ್ಷಿಣಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್, ಹೆಚ್ಚುಕಮ್ಮಿ ಬೆಂಗಳೂರಿಂದ ಚನ್ನಪಟ್ಟಣದಷ್ಟು ದೂರ. ಏಳುನೂರು ಚಿಲ್ಲರೆ ಜನ ಇರುವ ಹಳ್ಳಿ.

ಆಮೇಲೆ ಅವರು ಕೇಳಿದರು: "ನಿಮ್ಮ ಊರಿನಲ್ಲಿ ಏನು ಬೆಳೀತೀರಿ?"

ರೇಷ್ಮೆ, ಅಂದೆ. ನಮ್ಮದು ಮಾಗಡಿ ತಾಲ್ಲೂಕು, ಜಿಲ್ಲೆ ರಾಮನಗರ, ಅಲ್ಲಿರೋದು ಏಷ್ಯಾದಲ್ಲೇ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಅಂತೆಲ್ಲ ಹೆಮ್ಮೆಯಿಂದ ಹೇಳಿದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು. "ಹಾಗಾದರೆ ನಿಮ್ಮೂರ ಹೆಸರಿನ ಸೀರೆ ಸಿಗುತ್ತಾ?" ಅಂದರು.

ಸಿಗಲ್ಲ. ಮೈಸೂರು ಸಿಲ್ಕ್ ಇದೆ, ಕಂಚಿ ಇದೆ, ಧರ್ಮಾವರಂ ಇದೆ, ಬನಾರಸ್ ಇದೆ. ರಾಮನಗರದ ನೂಲು ಈ ಎಲ್ಲ ಕಡೆಗೂ ಹೋಗುತ್ತೆ. ರಾಮನಗರ ಸೀರೆ ಅಂತ, ಮಾಗಡಿ ಸೀರೆ ಅಂತ ಒಂದೂ ಇಲ್ಲ. ಏನೋ ಹೇಳಿ ಮಾತು ತೇಲಿಸಿದೆ. ವಾಪಸ್ ಬರುವ ವಿಮಾನದಲ್ಲಿ ನಿದ್ದೆ ಬರಲಿಲ್ಲ. ಏಳುನೂರು ಜನರ ಹಳ್ಳಿಗೆ ಇರುವ ಹೆಸರು ನಮ್ಮ ಇಡೀ ಜಿಲ್ಲೆಗೆ ಯಾಕಿಲ್ಲ? ಆ ಕಿರಿಕಿರಿಯಿಂದ ಶುರುವಾದ ಓದು ಇದು.

ಮೊದಲು ರುಚಿಯ ವಿಷಯ ಹೇಳಿಬಿಡ್ತೀನಿ. ವೈನ್ ಅಂದರೆ ಬೆಂಗಳೂರಿನ ಪಾರ್ಟಿಗಳಲ್ಲಿ ಸಿಗುವ ಸಿಹಿ ನೇರಳೆ ಬಣ್ಣದ ದ್ರವ ಅಂತ ಅಂದುಕೊಂಡಿದ್ದವನು ನಾನು. ಬರೋಲೊ ಬಣ್ಣ ತೆಳು, ಹಳೇ ಇಟ್ಟಿಗೆಯ ಹಾಗೆ. ಮೂಗಿಗೆ ಗುಲಾಬಿಯ ಜೊತೆ ಹೊಸದಾಗಿ ಹಾಕಿದ ಡಾಂಬರು ರಸ್ತೆಯ ವಾಸನೆ. ಇದು ನನ್ನ ಕಲ್ಪನೆಯಲ್ಲ, ಬಲ್ಲವರೂ ಈ ವೈನನ್ನು ವರ್ಣಿಸುವುದು ಇವೇ ಎರಡು ಮಾತಿನಲ್ಲಿ. ಬಾಯಿಗೆ ಬಿದ್ದ ತಕ್ಷಣ ಹುಳಿ, ಅದರ ಹಿಂದೆಯೇ ನಾಲಿಗೆ ಒಣಗಿಸುವ ಒಗರು. ಹಸಿ ಅಡಿಕೆ ಜಗಿದವರಿಗೆ, ಅರೆಹಣ್ಣಾದ ನೇರಳೆ ತಿಂದವರಿಗೆ ಈ ಒಗರನ್ನು ವಿವರಿಸಬೇಕಿಲ್ಲ. ವೈನ್ ಲೋಕದವರು ಅದಕ್ಕೆ ಟ್ಯಾನಿನ್ ಅಂತಾರೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವಂಥದ್ದು. ನೆಬ್ಬಿಯೋಲೊದಲ್ಲಿ ಅದು ವಿಪರೀತ. ಹೊಸ ಬರೋಲೊವನ್ನು ಕುಡಿಯೋದೇ ಕಷ್ಟ, ವರ್ಷಗಟ್ಟಲೆ ಇಟ್ಟರೆ ಒಗರು ಮೆತ್ತಗಾಗುತ್ತೆ. ಆ ಕಾಯುವಿಕೆಯೇ ಅದರ ಅರ್ಧ ಗುಣ.

ಮಿಕ್ಕರ್ಧ ಎಲ್ಲಿಂದ ಬರುತ್ತೆ? ಮೊದಲನೆಯದು ಮಣ್ಣು. ಬರೋಲೊ ಹೆಸರಿಗೆ ಹಕ್ಕಿರೋದು ಹನ್ನೊಂದು ಹಳ್ಳಿಗಳಿಗೆ ಮಾತ್ರ. ಈ ಗುಡ್ಡಗಳು ಒಂದು ಕಾಲಕ್ಕೆ ಸಮುದ್ರದ ತಳ, ಸುಣ್ಣ ಬೆರೆತ ಜೇಡಿ. ಪಶ್ಚಿಮಕ್ಕೆ ಲಾ ಮೋರಾ ಮತ್ತು ಬರೋಲೊ ಹಳ್ಳಿಗಳ ಕಡೆ ಮಣ್ಣು ಮೆತ್ತಗೆ, ನೀಲಿ ಛಾಯೆ. ಅಲ್ಲಿನ ವೈನ್ ಪರಿಮಳದ್ದು, ಬೇಗ ಪಳಗುತ್ತೆ. ಪೂರ್ವಕ್ಕೆ ಸೆರಲುಂಗಾ ಕಡೆ ಮಣ್ಣು ಇನ್ನೂ ಹಳೆಯದು, ಮರಳುಗಲ್ಲು ಜಾಸ್ತಿ. ಅಲ್ಲಿನದು ಗಡುಸು, ಹೆಚ್ಚು ವರ್ಷ ಬಾಳುತ್ತೆ. ಎರಡರ ನಡುವೆ ಇರೋದು ಕೆಲವೇ ಕಿಲೋಮೀಟರ್. ಗುಡ್ಡದ ದಕ್ಷಿಣದ ಇಳಿಜಾರು, ಅಂದರೆ ಹಿಮ ಮೊದಲು ಕರಗುವ ಜಾಗ, ನೆಬ್ಬಿಯೋಲೊಗೆ ಮೀಸಲು. ಅದಕ್ಕಿಂತ ಕಡಿಮೆ ಬಿಸಿಲು ಬೀಳುವ ಕಡೆ ಬಾರ್ಬೆರಾ, ದೊಲ್ಚೆತ್ತೊ ಅನ್ನುವ ಸಾದಾ ತಳಿಗಳು. ಉತ್ತರದ ನೆರಳಿನಲ್ಲಿ ಹೇಜಲ್‌ನಟ್ ಮರ. ರೈತರು ದಿನಾ ಊಟಕ್ಕೆ ಕುಡಿಯುತ್ತಿದ್ದದ್ದು ಸಾದಾ ವೈನು, ನೆಬ್ಬಿಯೋಲೊ ಮಾರೋದಕ್ಕೆ. ಇದನ್ನು ಓದಿದಾಗ ನಗು ಬಂತು. ನಮ್ಮಲ್ಲೂ ರಾಗಿ ತಿನ್ನೋಕೆ, ರೇಷ್ಮೆ ಮಾರೋಕೆ. ನಮ್ಮಮ್ಮನಿಗೆ ಮದುವೆಯಲ್ಲಿ ಬಿಟ್ಟರೆ ಇನ್ನೊಂದು ರೇಷ್ಮೆ ಸೀರೆ ಬಂದದ್ದು ನನಗೆ ಕೆಲಸ ಸಿಕ್ಕ ಮೇಲೆ.

ಮಣ್ಣಿನ ಹಳಮೆಯ ಮಾತು ಬಂದರೆ ನಾವು ಸೋಲುವವರಲ್ಲ. ಬರೋಲೊ ಮಣ್ಣಿನ ವಯಸ್ಸು ಹೆಚ್ಚೆಂದರೆ ಒಂದೂವರೆ ಕೋಟಿ ವರ್ಷದ ಆಸುಪಾಸು. ರಾಮನಗರದ ಬೆಟ್ಟಗಳದ್ದು, ಸಾವನದುರ್ಗದ್ದು ಸುಮಾರು 250 ಕೋಟಿ ವರ್ಷ. ಕನಕಪುರದಿಂದ ಮಾಗಡಿಯವರೆಗೆ, ಅಲ್ಲಿಂದಲೂ ಉತ್ತರಕ್ಕೆ ನೂರಾರು ಕಿಲೋಮೀಟರ್ ಹರಡಿರುವ ಈ ಕಲ್ಲಿನ ಪಟ್ಟಿಗೆ ಜಗತ್ತಿನ ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯೋದು. ಅದು ಸವೆದು ಆದ ಕೆಂಪು ಮಣ್ಣಿನಲ್ಲಿ ನಮ್ಮ ಹಿಪ್ಪುನೇರಳೆ ಬೇರು ಬಿಟ್ಟಿದೆ.

ಎರಡನೆಯದು ಹವೆ. ಅಕ್ಟೋಬರ್‌ನಲ್ಲಿ ಆ ಗುಡ್ಡಗಳಿಗೆ ಮಂಜು ಇಳಿಯುತ್ತೆ. ಮಂಜಿಗೆ ಅಲ್ಲಿ ನೆಬ್ಬಿಯಾ ಅಂತಾರೆ, ನೆಬ್ಬಿಯೋಲೊ ಹೆಸರು ಅದರಿಂದಲೇ ಬಂತು ಅಂತ ಒಂದು ವಾದ. ಆ ಹೊತ್ತಿಗೆ ಬೇರೆ ದ್ರಾಕ್ಷಿಗಳೆಲ್ಲ ಕೊಯ್ಲಾಗಿರುತ್ತವೆ. ಇದೊಂದು ಬಳ್ಳಿ ಮಾತ್ರ ಎಲ್ಲರಿಗಿಂತ ಮೊದಲು ಚಿಗುರಿ, ಎಲ್ಲರಿಗಿಂತ ಕೊನೆಗೆ ಹಣ್ಣಾಗುತ್ತೆ. ಹಗಲಿನ ಬಿಸಿಲು ಸಕ್ಕರೆ ಕೊಡುತ್ತೆ, ರಾತ್ರಿಯ ತಂಪು ಹುಳಿಯನ್ನೂ ಪರಿಮಳವನ್ನೂ ಉಳಿಸುತ್ತೆ. ಆಮೇಲೆ ಚಳಿಗಾಲ ಪೂರ್ತಿ ಬಳ್ಳಿ ಮಲಗುತ್ತೆ.

ನಮ್ಮಲ್ಲಿ ದ್ರಾಕ್ಷಿ ಬಳ್ಳಿ ಮಲಗೋದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟನಿ ಮಾಡ್ತಾರೆ. ಬೇಸಿಗೆಯಲ್ಲಿ ಒಂದು, ಮಳೆಗಾಲ ಮುಗಿಯುವಾಗ ಇನ್ನೊಂದು. ವೈನ್ ದ್ರಾಕ್ಷಿಯ ಕೊಯ್ಲು ಫೆಬ್ರವರಿ ಮಾರ್ಚ್ ಸುಮಾರಿಗೆ. ಬಳ್ಳಿಗೆ ಚಳಿಗಾಲ ಬಂದು ಹೋಯಿತು ಅಂತ ಕತ್ತರಿಯಿಂದ ನಂಬಿಸಬೇಕು.

ರೇಷ್ಮೆಯಲ್ಲೂ ಇದೇ ವ್ಯತ್ಯಾಸ. ಹಳೇ ಇಟಲಿಯಲ್ಲಿ ಹಿಪ್ಪುನೇರಳೆ ಚಿಗುರುವ ವಸಂತದಲ್ಲಿ ವರ್ಷಕ್ಕೊಂದೇ ಮುಖ್ಯ ಬೆಳೆ. ಹುಳಕ್ಕೂ ವರ್ಷಕ್ಕೊಂದೇ ತಲೆಮಾರು. ನಮ್ಮ ಮೈಸೂರು ತಳಿ ವರ್ಷಕ್ಕೆ ಐದಾರು ಬೆಳೆ ಕೊಡುತ್ತೆ. ಗೂಡು ಚಿಕ್ಕದು, ಹಸಿರು ಮಿಶ್ರಿತ ಹಳದಿ, ಎಳೆ ನಾನೂರು ಮೀಟರ್ ಒಳಗೆ. ಚಳಿ ದೇಶದ ಬಿಳಿ ಗೂಡಿನ ಎಳೆ ಸಾವಿರ ಮೀಟರ್ ದಾಟುತ್ತೆ. ಆದರೆ ನಮ್ಮದು ಬಿಸಿಲಿಗೆ, ರೋಗಕ್ಕೆ ಗಟ್ಟಿ. ಬೆಳೆ ಹೋದರೆ ಮುಂದಿನ ತಿಂಗಳು ಮತ್ತೊಂದು ಬೆಳೆ.

ಟ್ಯುರಿನ್ ಊಟದಲ್ಲಿ ನನಗೆ ಗೊತ್ತಿರದಿದ್ದ ಸಂಗತಿ ಒಂದಿದೆ. ನಾನು ರೇಷ್ಮೆ ಅಂದಾಗ ಆ ಹಿರಿಯರಿಗೆ ಖುಷಿಯಾದದ್ದು ಅದಕ್ಕೇ ಇರಬೇಕು. ಬರೋಲೊ ಇರುವ ಪೀಡ್ಮಾಂಟ್ ಸೀಮೆ ಹದಿನೆಂಟನೇ ಶತಮಾನದಲ್ಲಿ ಹೆಸರಾಗಿದ್ದದ್ದು ರೇಷ್ಮೆಗೆ. ಯುರೋಪಿನ ಅತ್ಯುತ್ತಮ ನೂಲು ಅಲ್ಲಿನದು. ಅದರ ಯಂತ್ರದ ಗುಟ್ಟನ್ನು ಜಾನ್ ಲೋಂಬ್ ಅನ್ನುವ ಇಂಗ್ಲಿಷಿನವನು ಕದ್ದು ತಂದ ಅನ್ನೋದು ಇಂಗ್ಲೆಂಡಿನ ಕೈಗಾರಿಕಾ ಚರಿತ್ರೆಯ ಪ್ರಸಿದ್ಧ ಕತೆ. ಆ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಿಸುತ್ತಿದ್ದಾಗ, ಅದೇ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಪೀಡ್ಮಾಂಟ್ ಮಾದರಿಯಲ್ಲಿ ನೂಲು ಬಿಚ್ಚಿಸುತ್ತಿತ್ತು.

1850ರ ದಶಕದಲ್ಲಿ ಇಟಲಿಗೆ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಬಳ್ಳಿಗೆ ಬೂದಿ ರೋಗ, ಹುಳಕ್ಕೆ ಗಂಟುರೋಗ. ಮುಂದಿನ ದಶಕದಲ್ಲಿ ಎರಡೂ ಬೆಳೆಗಳ ಕಾಯಿಲೆಗಳ ಬೆನ್ನು ಹತ್ತಿದವರು ಒಬ್ಬರೇ, ಲೂಯಿ ಪಾಸ್ಚರ್. ವೈನ್ ಯಾಕೆ ಕೆಡುತ್ತೆ ಅನ್ನುವ ಅವರ ಪುಸ್ತಕ ಬಂದದ್ದು 1866ರಲ್ಲಿ. ಅದೇ ವರ್ಷಗಳಲ್ಲಿ ಅವರು ದಕ್ಷಿಣ ಫ್ರಾನ್ಸಿನಲ್ಲಿ ಕೂತು ರೇಷ್ಮೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ತಾಯಿ ಚಿಟ್ಟೆಯಲ್ಲಿ ರೋಗವಿದ್ದರೆ ಅದರ ಮೊಟ್ಟೆ ಎಸೆಯಬೇಕು ಅನ್ನುವ ಅವರ ವಿಧಾನ ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿ ನಾನೂ ಆ ಗಾಜಿನ ಕಣ್ಣಲ್ಲಿ ಇಣುಕಿದ್ದೇನೆ. ಪಾಸ್ಚರ್ ಅಂದರೆ ಹಾಲಿನ ಪ್ಯಾಕೆಟ್ಟು ಅಂತಷ್ಟೇ ಗೊತ್ತಿತ್ತು ಆಗ.

ಗಂಟುರೋಗದಿಂದ ದಿವಾಳಿಯಾದ ಇಟಲಿಯವರು ಆರೋಗ್ಯವಂತ ಮೊಟ್ಟೆ ಹುಡುಕಿಕೊಂಡು ಜಪಾನಿನವರೆಗೂ ಹೋದರು. ಆ ಕಾಲದಲ್ಲೇ, 1860ರ ದಶಕದಲ್ಲಿ, ದೆ ವೆಕ್ಕಿ ಅನ್ನುವ ಇಟಾಲಿಯನ್ ಒಬ್ಬರು ನಮ್ಮ ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಕಾರ್ಖಾನೆ ಹಾಕಿದರು. ಜಪಾನಿನ ಮೊಟ್ಟೆ ತರಿಸಿದರು. ಹುಳುಗಳು ಸಾಯತೊಡಗಿ ಉದ್ಯಮ ಉಳಿಯಲಿಲ್ಲ. ಮತ್ತೆ 1914ರ ಸುಮಾರಿಗೆ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಅನ್ನುವ ಇಟಲಿಯ ತಜ್ಞರನ್ನು ನೇಮಿಸಿಕೊಂಡಿತು. ಸರ್ಕಾರಿ ರೇಷ್ಮೆ ಫಾರಂ ಶುರುವಾದದ್ದು ಎಲ್ಲಿ ಗೊತ್ತಾ? ಚನ್ನಪಟ್ಟಣದಲ್ಲಿ. ಅಂದರೆ ಆ ರಾತ್ರಿ ನಾನು ಹೇಳಬಹುದಿತ್ತು: ಸ್ವಾಮಿ, ನಿಮ್ಮವರು ನೂರು ವರ್ಷದ ಹಿಂದೆಯೇ ನಮ್ಮ ಜಿಲ್ಲೆಗೆ ಬಂದಿದ್ದರು.

ಇನ್ನು ಬರೋಲೊ. ಈಗಿನ ಬರೋಲೊ ಅಜ್ಜ ಮುತ್ತಜ್ಜರ ಕಾಲದಿಂದ ಹಾಗೇ ಬಂದದ್ದು ಅಂತ ನೀವು ಅಂದುಕೊಂಡಿದ್ದರೆ, ನಾನೂ ಹಾಗೇ ಅಂದುಕೊಂಡಿದ್ದೆ. ನೆಬ್ಬಿಯೋಲೊ ತಳಿ ಹಳೆಯದೇ, ಹದಿಮೂರನೇ ಶತಮಾನದ ದಾಖಲೆಗಳಲ್ಲೇ ಅದರ ಹೆಸರಿದೆ. ಆದರೆ ಹತ್ತೊಂಬತ್ತನೇ ಶತಮಾನದ ಶುರುವಿನವರೆಗೂ ಅದರ ವೈನು ಬಹುಪಾಲು ಸಿಹಿಯಾಗಿರುತ್ತಿತ್ತು. ಕೊಯ್ಲು ತಡ, ನೆಲಮಾಳಿಗೆ ತಣ್ಣಗೆ, ಸಕ್ಕರೆಯೆಲ್ಲ ಹುದುಗುವ ಮೊದಲೇ ಹುದುಗು ನಿಂತುಹೋಗುತ್ತಿತ್ತು. ಅದನ್ನು ಪೂರ್ತಿ ಹುದುಗಿಸಿ ಸಿಹಿ ಇಲ್ಲದ, ಬಾಳುವ ವೈನ್ ಮಾಡಿದ್ದು 1830, 40ರ ದಶಕಗಳಲ್ಲಿ. 1832ರಿಂದ 1849ರವರೆಗೆ ಪಕ್ಕದ ಗ್ರಿನ್ಜಾನೆ ಹಳ್ಳಿಯ ಮೇಯರ್ ಆಗಿದ್ದ ಕಾಮಿಲ್ಲೊ ಕಾವೂರ್ ತನ್ನ ತೋಟಕ್ಕೆ ಸ್ತಾಲ್ಯೇನೊ ಅನ್ನುವ ನಿವೃತ್ತ ಸೇನಾಧಿಕಾರಿಯನ್ನು ಕರೆಸಿದ. ಬರೋಲೊ ಕೋಟೆಯ ಒಡತಿ ಜೂಲಿಯಾ ಫಲೆತ್ತಿಯೂ ಇದೇ ದಾರಿ ಹಿಡಿದಳು. ಫ್ರೆಂಚ್ ವ್ಯಾಪಾರಿ ಉದಾರ್‌ನ ಪಾಲೆಷ್ಟು, ಸ್ತಾಲ್ಯೇನೊ ಪಾಲೆಷ್ಟು ಅಂತ ಇತಿಹಾಸಕಾರರು ಈಗಲೂ ಜಗಳ ಆಡ್ತಾರೆ. ಕಾವೂರ್ ಮುಂದೆ 1861ರಲ್ಲಿ ಒಂದಾದ ಇಟಲಿಯ ಮೊದಲ ಪ್ರಧಾನಿಯಾದ. ಮಣ್ಣೂ ಮಂಜೂ ಸಾವಿರಾರು ವರ್ಷಗಳಿಂದ ಅಲ್ಲೇ ಇದ್ದವು. ಬರೋಲೊ ಬರೋಲೊ ಆಗೋದಕ್ಕೆ ದುಡ್ಡಿದ್ದವರು, ಕಾಯಬಲ್ಲವರು ಬರಬೇಕಾಯಿತು.

ರೈತರು ಮಾತ್ರ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಆ ಗುಡ್ಡಗಳಲ್ಲಿ ಕಡು ಬಡತನ. ಗಾಡಿಯಲ್ಲಿ ದ್ರಾಕ್ಷಿ ತುಂಬಿಕೊಂಡು ಆಲ್ಬಾ ಪಟ್ಟಣದ ಚೌಕಕ್ಕೆ ಹೋಗಬೇಕು, ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕು. ಕಿತ್ತ ದ್ರಾಕ್ಷಿ ಸಂಜೆಗೆ ಒಡೆಯುತ್ತೆ, ವಾಪಸ್ ಒಯ್ಯೋ ಹಾಗಿಲ್ಲ. ಇದನ್ನು ಓದುವಾಗ ನನಗೆ ರಾಮನಗರದ ಗೂಡಿನ ಮಾರುಕಟ್ಟೆ ಕಣ್ಣಿಗೆ ಕಟ್ಟಿತು. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಮಾಡಿಕೊಂಡು ಆಚೆ ಬರುತ್ತೆ, ತೂತಾದ ಗೂಡಿನಿಂದ ನೂಲು ಬರಲ್ಲ. ರಾತ್ರಿಯೆಲ್ಲ ಟೆಂಪೋದಲ್ಲಿ ಮೂಟೆ ಮೇಲೆ ಕೂತು ಬಂದವನು ಬೆಳಿಗ್ಗೆ ಕೂಗಿದ ದರಕ್ಕೆ "ಆಯ್ತು" ಅನ್ನದೆ ಏನು ಮಾಡ್ತಾನೆ? ಈಗ ಇ-ಹರಾಜು ಬಂದಿದೆ, ಪಾರದರ್ಶಕವಾಗಿದೆ, ಒಳ್ಳೆಯದೇ. ಆದರೆ ಗಡಿಯಾರ ಮಾತ್ರ ಚಿಟ್ಟೆಯ ಕೈಯಲ್ಲೇ ಇದೆ. ಹರಾಜಾದ ಮೇಲೆ ಮಾಗಡಿ ಗೂಡು, ಕನಕಪುರದ ಗೂಡು, ಚನ್ನಪಟ್ಟಣದ ಗೂಡು ಒಂದೇ ಬಿಸಿನೀರಿನ ಬಾಣಲೆಗೆ. ಊರು ಕರಗೋದು ಅಲ್ಲೇ.

ಅಲ್ಲಿ ಏನು ಬದಲಾಯಿತು? ಕಾನೂನು ಮತ್ತು ಕೆಲಸ, ಎರಡೂ. ಹೆಸರಿಗೆ ಗಡಿ ಹಾಕುವ ಚಾಳಿ ಇಟಲಿಗೆ ಹಳೆಯದು. 1716ರಲ್ಲೇ ತೋಸ್ಕಾನಾದ ದೊರೆ ಮೂರನೇ ಕೊಸಿಮೊ ಕಿಯಾಂತಿ ಅನ್ನುವ ಹೆಸರು ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತೆ ಅಂತ ಆಜ್ಞೆ ಹೊರಡಿಸಿದ್ದ. ಬರೋಲೊ ಬೆಳೆಗಾರರ ಸಂಘ 1934ರದ್ದು. ಇಡೀ ದೇಶಕ್ಕೆ ಕಾನೂನು ಬಂದದ್ದು 1963ರಲ್ಲಿ, ಅದರಡಿ ಬರೋಲೊಗೆ ಮಾನ್ಯತೆ 1966ರಲ್ಲಿ, ಅತಿ ಮೇಲಿನ ದರ್ಜೆ 1980ರಲ್ಲಿ. ಹನ್ನೊಂದು ಹಳ್ಳಿ, ನೆಬ್ಬಿಯೋಲೊ ಒಂದೇ ತಳಿ, ಗುಡ್ಡದ ಇಳಿಜಾರಿನದ್ದೇ ಆಗಬೇಕು, ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. 2010ರಲ್ಲಿ ಇನ್ನೂ ಮುಂದೆ ಹೋಗಿ ಹಳ್ಳಿಗಳೊಳಗಿನ 170 ತೋಟದ ಹೆಸರುಗಳಿಗೂ ಗಡಿ ಬರೆದರು. ನಮ್ಮಲ್ಲಿ "ಆಲದಮರದ ಹೊಲ", "ಕೆರೆ ಕೆಳಗಿನ ಗದ್ದೆ" ಅಂತೀವಲ್ಲ, ಅಂಥ ಹೆಸರುಗಳು ಅಲ್ಲಿ ಕಾನೂನು ಪುಸ್ತಕದಲ್ಲಿವೆ.

ಕೆಲಸದ ಕಡೆಯಿಂದ, ಆಲ್ಬಾದಲ್ಲಿ 1946ರಲ್ಲಿ ಫೆರೇರೊ ಚಾಕೊಲೇಟ್ ಕಂಪನಿ ಶುರುವಾಯಿತು. ಮುಂದೆ ನುಟೆಲ್ಲಾ ಮಾಡಿದ್ದು ಅದೇ ಕಂಪನಿ. ಅದು ಗುಡ್ಡದ ಹಳ್ಳಿಗಳಿಗೆ ಬಸ್ಸು ಬಿಟ್ಟು ಕೆಲಸಗಾರರನ್ನು ಕರೆದೊಯ್ದು ಸಂಜೆ ವಾಪಸ್ ಬಿಡುತ್ತಿತ್ತು. ಸಂಬಳ ಫ್ಯಾಕ್ಟರಿಯಿಂದ, ವಾಸ ಹಳ್ಳಿಯಲ್ಲಿ, ಬಿಡುವಿನಲ್ಲಿ ತೋಟ. ದ್ರಾಕ್ಷಿಯನ್ನು ಆ ಸಂಜೆಯೇ ಮಾರುವ ಹಂಗು ನಿಧಾನಕ್ಕೆ ಕಳಚಿತು. ಮುಂದಿನ ತಲೆಮಾರು ತಾವೇ ಬಾಟಲಿ ತುಂಬಿ ಊರ ಹೆಸರು ಬರೆದರು. ಬಿಡದಿಯ ಟೊಯೊಟಾ ಬಸ್ಸು ನೋಡಿದಾಗೆಲ್ಲ ನನಗೆ ಈ ಕತೆ ನೆನಪಾಗುತ್ತೆ.

ಎಲ್ಲ ಸುಸೂತ್ರವಾಗಿ ನಡೆಯಿತು ಅಂತಲ್ಲ. 1986ರಲ್ಲಿ ಇದೇ ಪೀಡ್ಮಾಂಟ್‌ನಲ್ಲಿ ಅಗ್ಗದ ವೈನಿಗೆ ಮೆಥನಾಲ್ ಬೆರೆಸಿದ್ದು ಬಯಲಾಗಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 1981ರ ಬೆಂಗಳೂರು ಕಳ್ಳಭಟ್ಟಿ ದುರಂತ ನೆನಪಿರುವವರಿಗೆ ಆ ವಿಷದ ಪರಿಚಯವಿದೆ. ನಮ್ಮಲ್ಲಿ ಸತ್ತವರು ಮುನ್ನೂರಕ್ಕೂ ಹೆಚ್ಚು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ದ್ರವ ಕೊಲ್ಲಬಹುದು ಅನ್ನೋದನ್ನು ಇಟಲಿ ಪಾಠವಾಗಿ ತಗೊಂಡಿತು. ಬರೋಲೊ ಬಾಟಲಿಯ ಕುತ್ತಿಗೆಯ ಮೇಲಿನ ನಂಬರ್ ಪಟ್ಟಿ ಬರೀ ಅಲಂಕಾರ ಅಲ್ಲ.

ಮನೆಯೊಳಗಿನ ಜಗಳವೂ ಇತ್ತು. 1983ರಲ್ಲಿ ಲಾ ಮೋರಾದ ಎಲಿಯೊ ಆಲ್ತಾರೆ ಅನ್ನುವ ಯುವಕ ಅಪ್ಪನ ಹಳೇ ದೊಡ್ಡ ಪೀಪಾಯಿಗಳನ್ನು ಚೈನ್‌ಸಾದಿಂದ ಕತ್ತರಿಸಿ ಹಾಕಿದ. ಫ್ರಾನ್ಸಿಗೆ ಹೋಗಿ ಬಂದಿದ್ದ ಅವನಿಗೆ ಸಣ್ಣ ಹೊಸ ಪೀಪಾಯಿ ಬೇಕಿತ್ತು, ಬೇಗ ಪಳಗುವ ವೈನ್ ಬೇಕಿತ್ತು. ಅಪ್ಪ ಅವನನ್ನು ಆಸ್ತಿಯಿಂದ ಹೊರಗಿಟ್ಟ. ಬರೋಲೊ ಯುದ್ಧ ಅಂತಲೇ ಹೆಸರಾದ ಈ ಜಗಳ ವರ್ಷಗಟ್ಟಲೆ ನಡೆಯಿತು. ಬಾರ್ತೊಲೊ ಮಸ್ಕರೆಲ್ಲೊ ಥರದ ಹಿರಿಯರು ಕೊನೆಯವರೆಗೂ ಹಳೇ ಪೀಪಾಯಿ ಬಿಡಲಿಲ್ಲ. ಈಗ ನೋಡಿದರೆ ದೊಡ್ಡ ಪೀಪಾಯಿಗಳು ಮತ್ತೆ ಬಂದಿವೆ, ಆಲ್ತಾರೆ ಕಲಿಸಿದ ಸ್ವಚ್ಛತೆಯೂ ಉಳಿದಿದೆ. ಜಗಳ ಆಡಿದ ಅಪ್ಪ ಮಕ್ಕಳಿಬ್ಬರಿಗೂ ಜಗಳ ಆಡುವಷ್ಟು ದೊಡ್ಡದಾದ ಒಂದು ಹೆಸರಿತ್ತು ಅನ್ನೋದು ನನಗೆ ಮುಖ್ಯ ಅನ್ನಿಸಿತು.

ನಮ್ಮಲ್ಲಿ ಕಾನೂನೇ ಇರಲಿಲ್ಲವಾ ಅಂದರೆ, ಇತ್ತು, ಅದೂ ಅವರಿಗಿಂತ ಮೊದಲು. 1959ರ ಮೈಸೂರು ರೇಷ್ಮೆ ಕಾಯ್ದೆ ಬಿತ್ತನೆ, ಗೂಡು, ನೂಲು ಮೂರನ್ನೂ ಕಟ್ಟುಪಾಡಿಗೆ ತಂದಿತು. ಮಾಗಡಿ, ಸೋಲೂರು, ಕುದೂರು, ಆಚೆ ಕುಣಿಗಲ್ ಕಡೆ ಬಿತ್ತನೆ ಪ್ರದೇಶ ಅಂತ ಗೊತ್ತುಮಾಡಿದ ಹಳ್ಳಿಗಳಿವೆ. ಅಲ್ಲಿ ಶುದ್ಧ ಮೈಸೂರು ತಳಿ ಮಾತ್ರ ಸಾಕಬೇಕು, ಬೇರೆ ತಳಿ ಕೂಡದು. ನಮ್ಮಪ್ಪ ಮೂವತ್ತು ವರ್ಷ ಸಾಕಿದ್ದು ಅದೇ ಬಿತ್ತನೆ ಗೂಡು. ಆ ಗೂಡಿನ ಹೆಣ್ಣು ಚಿಟ್ಟೆಯನ್ನು ಬಿಳಿ ತಳಿಯ ಗಂಡಿನ ಜೊತೆ ಕೂಡಿಸಿ ಬಂದ ಮೊಟ್ಟೆಯೇ ಚನ್ನಪಟ್ಟಣ, ಕನಕಪುರದ ಮನೆಗಳಿಗೆ ಹೋಗಿ, ಹಳದಿ ಗೂಡಾಗಿ ರಾಮನಗರಕ್ಕೆ ಬರೋದು. ಒಂದು ಲೆಕ್ಕದಲ್ಲಿ ಆ ಹಳದಿ ಗೂಡುಗಳ ತಾಯಿಮನೆ ನಮ್ಮ ಹಳ್ಳಿಗಳು. ಗಡಿ ಇದೆ, ತಳಿ ಇದೆ, ನಿಯಮ ಇದೆ, ಪಾಸ್ಚರ್ ಪರೀಕ್ಷೆಯೂ ಇದೆ. ಬರೋಲೊಗೆ ಇರುವ ಎಲ್ಲವೂ ಇದೆ. ಆದರೆ ನಮ್ಮ ಕಾಯ್ದೆ ಕಾದದ್ದು ಹುಳವನ್ನು, ಮಾರುಕಟ್ಟೆಯನ್ನು. ಊರ ಹೆಸರನ್ನು ಕಾಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಮೈಸೂರು ಸಿಲ್ಕ್‌ಗೂ ಸಿಕ್ಕಿದೆ. ಗೂಡು ಬೆಳೆದ ಊರು ಮಾತ್ರ ಎಲ್ಲೂ ಕಾಣಿಸಲ್ಲ.

ಹಾಗಾದರೆ ನಮ್ಮಲ್ಲೇ ವೈನ್ ಮಾಡಬಹುದಾ ಅಂತ ಕೇಳ್ತೀರೇನೋ. ಮಾಡ್ತಾರೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು. ಅದೇ ವರ್ಷ ಸಾರಾಯಿ ನಿಷೇಧ ಆಯಿತು, ರಾಮನಗರ ಜಿಲ್ಲೆಯೂ ಆದದ್ದು ಅದೇ ವರ್ಷ. ಚನ್ನಪಟ್ಟಣದ ಹತ್ತಿರ ಹೆರಿಟೇಜ್ ವೈನರಿ ಇದೆ, ಮೈಸೂರಿಗೆ ಹೋಗುವ ನಮ್ಮಂಥವರು ಅಲ್ಲಿ ಗಾಡಿ ನಿಲ್ಲಿಸ್ತಾರೆ. ಬೆಂಗಳೂರಿನ ಉತ್ತರಕ್ಕೆ ನಂದಿ ತಪ್ಪಲಿನಲ್ಲಿ ಗ್ರೋವರ್ ಅವರು ಫ್ರೆಂಚ್ ತಜ್ಞರ ಜೊತೆ ಬಳ್ಳಿ ನೆಟ್ಟು ಮೂವತ್ತು ವರ್ಷದ ಮೇಲಾಯಿತು. ಹಂಪಿ ಕಡೆಯ ಕ್ರಸ್ಮದವರು ಕಿಯಾಂತಿಯ ತಳಿ ಸಾಂಜೊವೇಸೆಯನ್ನೇ ಬೆಳೀತಾರೆ. ನಮ್ಮ ಹಳೇ ಬೆಂಗಳೂರು ಬ್ಲೂ ದ್ರಾಕ್ಷಿ ಇದೆಯಲ್ಲ, ಅದು ಅಮೆರಿಕ ಮೂಲದ ಇಸಾಬೆಲ್ಲಾ ಬಳಗದ್ದು ಅಂತಾರೆ. ಇಟಲಿಯಲ್ಲೂ ಅದು ಸ್ಟ್ರಾಬೆರಿ ದ್ರಾಕ್ಷಿ ಅನ್ನುವ ಹೆಸರಲ್ಲಿ ಹಿತ್ತಲಲ್ಲಿ ಬೆಳೆಯುತ್ತೆ, ಆದರೆ ಅದರಿಂದ ವೈನ್ ಮಾಡಿ ಮಾರೋ ಹಾಗಿಲ್ಲ. ಒಂದು ಕಡೆ ನಿಷೇಧ, ಇನ್ನೊಂದು ಕಡೆ ಊರಿನ ಹೆಸರಿನ ಹಣ್ಣು. ಗುಣ ಹಣ್ಣಿನಲ್ಲಿ ಎಷ್ಟಿದೆ, ನಾವು ಕೊಡುವ ಬೆಲೆಯಲ್ಲಿ ಎಷ್ಟಿದೆ ಅಂತ ಯೋಚಿಸಬೇಕಾದ ವಿಷಯ.

ಹೆಸರಿನ ಮಾತಿಗೆ ಮತ್ತೆ ಬರ್ತೀನಿ. ನಮ್ಮ ಜಿಲ್ಲಾ ಕೇಂದ್ರ ಟಿಪ್ಪು ಕಾಲದಲ್ಲಿ ಶಂಷೇರಾಬಾದ್. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. 1975ರಲ್ಲಿ ತೆರೆಕಂಡ ಶೋಲೆ ಇಲ್ಲಿನ ಬೆಟ್ಟಗಳನ್ನು ಇಡೀ ದೇಶಕ್ಕೆ ತೋರಿಸಿತು, ಆದರೆ ರಾಮಗಢ ಅನ್ನುವ ಹೆಸರಲ್ಲಿ. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಅದರ ಪರ ವಿರೋಧ ನಿಮಗೆಲ್ಲ ಗೊತ್ತು, ರಾಜಕೀಯ ನನಗೆ ಬೇಡ. ಬೆಂಗಳೂರು ಅನ್ನುವ ಹೆಸರಿಗೆ ಬೆಲೆ ಇದೆ, ಭೂಮಿಗೆ ದರ ಬರುತ್ತೆ ಅನ್ನೋದು ಸುಳ್ಳಲ್ಲ. ಆ ವಾರವೇ ನನಗೆ ಮೂರು ಬ್ರೋಕರ್ ಫೋನು ಬಂತು. ಅಪ್ಪನ ಎರಡು ಎಕರೆ ಹಿಪ್ಪುನೇರಳೆ ತೋಟ ಈಗ ಅವರ ಬಾಯಲ್ಲಿ "ಬೆಂಗಳೂರು ದಕ್ಷಿಣದ ಪ್ರೈಮ್ ಲ್ಯಾಂಡ್".

ಟ್ಯುರಿನ್‌ನಿಂದ ಬರುವಾಗ ಒಂದು ಬರೋಲೊ ತಂದಿದ್ದೆ, ತೆರೆಯದೆ ಇಟ್ಟಿದ್ದೆ. ಬ್ರೋಕರ್ ವಿಷಯ ಮಾತಾಡೋಕೆ ಅಂತ ಊರಿಗೆ ಹೋದಾಗ ತಗೊಂಡು ಹೋದೆ. ಅಮ್ಮ "ಹೆಂಡ ಒಳಕ್ಕೆ ತರಬೇಡ" ಅಂದಳು. ಜಗುಲಿಯಲ್ಲೇ ಕೂತು ಸ್ಟೀಲ್ ಲೋಟಕ್ಕೆ ಎರಡು ಬೆರಳು ಹಾಕಿಕೊಟ್ಟೆ. ಅಪ್ಪ ಬಾಯಲ್ಲಿಟ್ಟುಕೊಂಡು ಮುಖ ಕಿವುಚಿದರು.

"ಹಸಿ ಅಡಿಕೆ ಕಣ್ಲಾ ಇದು. ಎಷ್ಟು ದಿನ ಇಕ್ಕಿದ್ರು?"

"ಕಡಿಮೆ ಅಂದ್ರೂ ಮೂವತ್ತೆಂಟು ತಿಂಗಳು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೆ ತಿಂಗಳಿಗೊಂದು ಬೆಳೆ ಬಂದ್ರೂ ಸಾಲ ತೀರ್ತಿರಲಿಲ್ಲ. ಮೂವತ್ತೆಂಟು ತಿಂಗಳು ಕಾಯೋರಿಗೆ ಅನ್ನ ಯಾರು ಇಕ್ತಿದ್ರು?"

ಇಷ್ಟು ಓದಿದ್ದರ ಸಾರವನ್ನು ಅಪ್ಪ ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದರು. ಮಣ್ಣು ಗುಣ ಕೊಡುತ್ತೆ, ಹವೆ ಗುಣ ಕೊಡುತ್ತೆ, ಕೈ ಗುಣ ಕೊಡುತ್ತೆ. ಹೆಸರು ಮಾತ್ರ ಕಾಯಬಲ್ಲವರಿಗೆ ಸಿಗುತ್ತೆ. ಬರೋಲೊದ ರೈತನಿಗೆ ಕಾಯೋ ಶಕ್ತಿ ಬಂದದ್ದು ಸಂಬಳ ಮತ್ತು ಕಾನೂನು ಎರಡೂ ಬೆನ್ನಿಗೆ ನಿಂತಾಗ. ನಮ್ಮ ಮನೆಯಲ್ಲಿ ಸಂಬಳ ಬರ್ತಿರೋದು ನನಗೆ. ಅಂದರೆ ಅಪ್ಪನ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ ಅಂತ ಜಗುಲಿ ಮೇಲೆ ಕೂತಿದ್ದಾಗ ಹೊಳೆಯಿತು.

ತೋಟ ಈ ವರ್ಷಕ್ಕೆ ಮಾರಿಲ್ಲ. ಮುಂದಿನ ವರ್ಷದ ಮಾತು ಹೇಳೋಕೆ ಬರಲ್ಲ. ತಮ್ಮನಿಗೆ ಬೇರೆ ಯೋಚನೆ ಇದೆ, ಅವನದೂ ನ್ಯಾಯವೇ. ಮಿಕ್ಕ ಬಾಟಲಿಯನ್ನು ಅಪ್ಪ ಹುಳದ ಮನೆಯ ಗೂಡಿನಲ್ಲಿ, ಖಾಲಿ ಚಂದ್ರಂಕಿಗಳ ಹಿಂದೆ ಇಟ್ಟಿದ್ದಾರೆ. ತೆರೆದ ಬಾಟಲಿ ಇಡಬಾರದು, ಕೆಡುತ್ತೆ ಅಂತ ಹೇಳಿದೆ.

"ಇರಲಿ ಬಿಡು," ಅಂದರು. "ನೋಡಾನ."